ಕಲ್ಲು ಹೇಳಿದಷ್ಟನ್ನೇ ಬರೆದುಕೊಳ್ಳೋಣ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ಎರಡು ಪತ್ರ ಬಂದವು. ಸಿಂಧನೂರಿನ ಓದುಗರೊಬ್ಬರು, ಇಸ್ರೇಲಿನಲ್ಲಿ ಎಲ್ಲಿ ಅಗೆದರೂ ಬೈಬಲಿನ ಮಾತು ನಿಜ ಅಂತ ಸಾಬೀತಾಗುತ್ತಿದೆ, ಹಳೆ ಒಡಂಬಡಿಕೆಯ ಒಂದೊಂದು ಸಾಲೂ ಇತಿಹಾಸವೇ ಎಂದು ಬರೆದಿದ್ದರು. ಅದಕ್ಕೆ ಬಳ್ಳಾರಿಯವರೊಬ್ಬರು ಉತ್ತರ ಕೊಟ್ಟರು. ಮೋಶೆಯಿಂದ ಹಿಡಿದು ಅರಸ ದಾವೀದನವರೆಗೆ ಎಲ್ಲ ಕಟ್ಟುಕಥೆ, ಒಂದು ಮಡಕೆ ಚೂರೂ ಸಿಕ್ಕಿಲ್ಲ ಎಂದರು. ಇಬ್ಬರೂ ಓದಿಕೊಂಡವರೇ. ಆದರೆ ಇಬ್ಬರ ಪತ್ರದಲ್ಲೂ ಸಿಟ್ಟು ಜಾಸ್ತಿ, ಕಲ್ಲು ಮಣ್ಣಿನ ವಿವರ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಕತ್ತರಿ ಹಾಕಲೇಬೇಕಾದರೆ ನನ್ನ ಮಾತಿಗೆ ಹಾಕಿ, ವಿವರಕ್ಕೆ ಹಾಕಬೇಡಿ.

ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದು ನಿವೃತ್ತನಾದವನು. ಮನೆ ಮಸ್ಕಿಯಲ್ಲಿ. ಕ್ರೈಸ್ತನಲ್ಲ, ಆದರೆ ಬೈಬಲನ್ನು ಸಾವಕಾಶವಾಗಿ ಓದಿದ್ದೇನೆ. ನಮ್ಮ ಸೀಮೆಗೆ ಅದೇನೂ ದೂರದ ಪುಸ್ತಕವಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಅಲ್ಲೇ ಕೂತು ಅದನ್ನು ಕನ್ನಡಕ್ಕೆ ತಂದರು. ನಂಬಿಕೆಯ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ದೇವರು ಮಾತಾಡಿದನೋ ಇಲ್ಲವೋ ಅನ್ನುವುದನ್ನು ಅಗೆದು ನೋಡಲಿಕ್ಕೆ ಆಗುವುದಿಲ್ಲ. ಒಬ್ಬ ಅರಸ ಇದ್ದನೋ, ಗೋಡೆ ಬಿತ್ತೋ, ಊರು ಸುಟ್ಟಿತೋ ಅನ್ನುವುದನ್ನು ಎಷ್ಟೋ ಸಲ ನೋಡಲಿಕ್ಕೆ ಆಗುತ್ತದೆ.

ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಲಿಕ್ಕೆ, ಹೋದಾಗ ನಾವು ಮಾಡುತ್ತಿದ್ದುದು ಇಷ್ಟು. ಮನೆತನದ ಹಿರಿಯರು ಹೊಲದ ಕಥೆ ಹೇಳುತ್ತಾರೆ, ಕೇಳುತ್ತೇವೆ. ಟಿಪ್ಪಣಿ, ಆಕಾರಬಂದ್ ಎಂಬ ಸರ್ವೆ ದಾಖಲೆ ತೆಗೆದು ನೋಡುತ್ತೇವೆ. ನಿಜಾಮರ ಕಾಲದ ಉರ್ದು ಕಾಗದ ಇದ್ದರೆ ಓದಬಲ್ಲವರನ್ನು ಹಿಡಿಯುತ್ತೇವೆ. ಗಡಿಗೆ ನೆಟ್ಟ ಬಾಂದುಕಲ್ಲು ಹುಡುಕುತ್ತೇವೆ. ಪಕ್ಕದ ಹೊಲದವನ ಹೇಳಿಕೆ ಬರೆದುಕೊಳ್ಳುತ್ತೇವೆ. ಅವನಿಗೂ ಇವರಿಗೂ ಆಗದಿದ್ದರೆ ಇನ್ನೂ ಒಳ್ಳೆಯದು. ಆಗದವನೇ "ಈ ಬದುವಿನ ತನಕ ಅವರದೇ" ಎಂದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆದರೆ ಒಂದು ಬಾಂದುಕಲ್ಲು ಸಿಕ್ಕಿತು ಅಂತ ಅಜ್ಜ ಹೇಳಿದ ಕಥೆಯೆಲ್ಲ ನಿಜವಾಗುವುದಿಲ್ಲ. ಒಂದು ಕಲ್ಲು ಕಾಣೆಯಾಗಿದೆ ಅಂತ ಹೊಲವೇ ಇರಲಿಲ್ಲ ಎನ್ನಲಿಕ್ಕೂ ಬರುವುದಿಲ್ಲ. ಒಂದೊಂದು ಗೆರೆಯನ್ನೂ ಬೇರೆ ಬೇರೆ ಅಳೆಯಬೇಕು. ಬೈಬಲ್ ನಿಜವೋ ಸುಳ್ಳೋ ಅಂತ ಒಂದೇ ಪ್ರಶ್ನೆ ಕೇಳಿದ್ದರಿಂದಲೇ ಈ ಇಬ್ಬರು ಓದುಗರು ಹಾದಿ ತಪ್ಪಿದ್ದಾರೆ ಅಂತ ನನ್ನ ಅಭಿಪ್ರಾಯ. ಅದು ನೂರಾರು ವರ್ಷ, ಬೇರೆ ಬೇರೆ ಕೈಗಳು ಬರೆದ ಗ್ರಂಥಗಳ ಕಟ್ಟು. ಅದರೊಳಗಿನ ಒಂದೊಂದು ಸಂಗತಿಗೂ ಬೇರೆ ಕಡತ ತೆರೆಯಬೇಕು.

ಮಸ್ಕಿಯವನು ಇಂಥ ವಿಷಯ ಎತ್ತಿದ ಮೇಲೆ ಅಶೋಕನ ಹೆಸರು ಬರಲೇಬೇಕಲ್ವಾ? ಇಂಗ್ಲಿಷ್ ವಿದ್ವಾಂಸ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಕಂಡದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅಶೋಕ ಎಂಬ ಹೆಸರು ಇದ್ದದ್ದು ಪುರಾಣಗಳಲ್ಲಿ, ಬೌದ್ಧರ ಕಥೆಗಳಲ್ಲಿ. ಇಬ್ಬರೂ ಒಬ್ಬರೇ ಅಂತ ಶ್ರೀಲಂಕಾದ ವೃತ್ತಾಂತಗಳ ಬಲದ ಮೇಲೆ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಸಾಹೇಬರಿಗೆ ನಮ್ಮೂರ ಗುಡ್ಡದಲ್ಲಿ ಶಾಸನ ಸಿಕ್ಕಿತು. ಅದರ ಮೊದಲಲ್ಲೇ ಅಶೋಕನ ಹೆಸರು ಇತ್ತು. ಆಮೇಲೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೊಳಂ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಹೆಸರಿನ ವಾದ ಅಲ್ಲಿಗೆ ಮುಗಿಯಿತು.

ಆದರೆ ಮಸ್ಕಿ ಕಲ್ಲು ಇನ್ನೇನು ಹೇಳುತ್ತದೆ ಅಂತಲೂ ನೋಡಬೇಕು. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಬುದ್ಧನ ಅನುಯಾಯಿ, ಧರ್ಮದಲ್ಲಿ ನಡೆದರೆ ಸಣ್ಣವನೂ ಮೇಲಕ್ಕೆ ಏರಬಲ್ಲ ಎಂದು ಅರಸ ಹೇಳುತ್ತಾನೆ. ಅಷ್ಟೇ. ಅವನು ತನ್ನ 99 ಅಣ್ಣತಮ್ಮಂದಿರನ್ನು ಕೊಂದ ಎಂಬ ಕಥೆಯಾಗಲಿ, 84,000 ವಿಹಾರ ಕಟ್ಟಿಸಿದ ಎಂಬ ಮಾತಾಗಲಿ ಅಲ್ಲಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನದಲ್ಲೂ ಇಲ್ಲ. ಅಶೋಕ ಇದ್ದದ್ದು ಖಚಿತ. 99 ಜನರ ಕೊಲೆ ಖಚಿತವಲ್ಲ.

ದಾವೀದನ ವಿಷಯವೂ ಹೆಚ್ಚುಕಡಿಮೆ ಹೀಗೇ ಇದೆ. ಬಳ್ಳಾರಿಯ ಮಿತ್ರರು ದಾವೀದನನ್ನು ಕಟ್ಟುಕಥೆ ಎಂದಿದ್ದಾರೆ. 1990ರ ಹೊತ್ತಿಗೆ ಕೆಲವು ವಿದ್ವಾಂಸರೂ ಹಾಗೇ ಅನ್ನುತ್ತಿದ್ದರು, ಯಾಕೆಂದರೆ ಬೈಬಲಿನ ಹೊರಗೆ ಅವನ ಹೆಸರು ಎಲ್ಲೂ ಇರಲಿಲ್ಲ. 1993ರ ಜುಲೈಯಲ್ಲಿ ಇಸ್ರೇಲಿನ ಉತ್ತರ ತುದಿಯ ತೇಲ್ ದಾನ್ ಎಂಬಲ್ಲಿ, ಅವ್ರಹಾಮ್ ಬಿರಾನ್ ಅವರ ತಂಡ ಅಗೆಯುತ್ತಿದ್ದಾಗ ಗೋಡೆಗೆ ಸೇರಿಸಿ ಕಟ್ಟಿದ್ದ ಒಂದು ಒಡೆದ ಕಲ್ಲು ಕಂಡಿತು. ಅದರ ಮೇಲೆ ಅಕ್ಷರ ಇರುವುದನ್ನು ಮೊದಲು ಗುರುತಿಸಿದ್ದು ತಂಡದ ಸರ್ವೇಯರ್ ಗಿಲಾ ಕುಕ್. ಪಂಡಿತರೆಲ್ಲ ಅಲ್ಲೇ ಇರುವಾಗ ನಮ್ಮ ಕಸುಬಿನವರ ಕಣ್ಣಿಗೇ ಬಿತ್ತಲ್ಲ ಅಂತ ನನಗೆ ಖುಷಿ. ಮರುವರ್ಷ ಇನ್ನೆರಡು ಚೂರು ಸಿಕ್ಕವು. ಕ್ರಿ.ಪೂ. 9ನೇ ಶತಮಾನದ ಅರಾಮಿಕ್ ಶಾಸನ ಅದು. ದಮಸ್ಕದ ಕಡೆಯ, ಅಂದರೆ ಅರಾಮಿನ, ಅರಸನೊಬ್ಬ ಇಸ್ರಾಯೇಲಿನ ಅರಸನನ್ನೂ "ದಾವೀದನ ಮನೆತನ"ದ ಅರಸನನ್ನೂ ಕೊಂದೆ ಎಂದು ಕೊಚ್ಚಿಕೊಂಡಿದ್ದಾನೆ.

ಇಲ್ಲಿ ಸಾಕ್ಷಿ ಹೇಳುತ್ತಿರುವವನು ಶತ್ರು. ದಾವೀದನ ವಂಶವನ್ನು ಹೊಗಳುವ ಗರಜು ಅವನಿಗಿಲ್ಲ. ಹಾಗಾಗಿ ದಾವೀದ ಎಂಬುವನಿಂದ ಶುರುವಾದ ಒಂದು ಅರಸು ಮನೆತನ ಇತ್ತು, ಸುಮಾರು ನೂರೈವತ್ತು ವರ್ಷ ಕಳೆದ ಮೇಲೂ ನೆರೆಯವರು ಅದನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರು ಎಂಬಷ್ಟು ಗಟ್ಟಿಯಾಯಿತು. ಅವನು ದೈತ್ಯ ಗೊಲ್ಯಾತನನ್ನು ಕವಣೆ ಕಲ್ಲಿನಿಂದ ಹೊಡೆದದ್ದು ಗಟ್ಟಿಯಾಗಲಿಲ್ಲ. ಇನ್ನೊಂದು ತೊಡಕೂ ಇದೆ. ಒಡೆದು ಉಳಿದಿರುವ ಅಕ್ಷರಗಳನ್ನು ಹೆಚ್ಚಿನವರು ಓದಿರುವ ಪ್ರಕಾರ ಸತ್ತ ಅರಸರು ಇಸ್ರಾಯೇಲಿನ ಯೋರಾಮ ಮತ್ತು ದಾವೀದನ ವಂಶದ ಅಹಜ್ಯ. ಬೈಬಲಿನ ಎರಡನೆಯ ಅರಸುಗಳು ಎಂಬ ಗ್ರಂಥದಲ್ಲಿ ಇವರಿಬ್ಬರನ್ನೂ ಕೊಲ್ಲಿಸಿದವನು ಯೇಹು ಎಂಬ ಇಸ್ರಾಯೇಲಿನ ಸೇನಾಪತಿ. ಕಲ್ಲಿನಲ್ಲಿ ಅರಾಮಿನ ಅರಸ ತಾನೇ ಕೊಂದೆ ಎನ್ನುತ್ತಾನೆ. ಸಿಂಧನೂರಿನ ಮಿತ್ರರು ಈ ಕಲ್ಲನ್ನು ತಮ್ಮ ಪರವಾಗಿ ತಂದಿದ್ದಾರೆ, ಸರಿ. ತಂದವರು ಪೂರ್ತಿ ಓದಬೇಕಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಕರಣ ಯೆಹೂದದ ಅರಸ ಹಿಜ್ಕೀಯನದು. ಯೆಹೂದ ಅಂದರೆ ದಾವೀದನ ವಂಶದವರು ಯೆರೂಸಲೇಮಿನಿಂದ ಆಳುತ್ತಿದ್ದ, ಇಸ್ರಾಯೇಲಿನ ದಕ್ಷಿಣದ ರಾಜ್ಯ. ಒಂದೇ ಘಟನೆಗೆ ಇಷ್ಟು ಕಡೆಯಿಂದ ಸಾಕ್ಷಿ ಇರುವುದು ಅಪರೂಪ. ಕ್ರಿ.ಪೂ. 701ರಲ್ಲಿ ಅಶ್ಶೂರದ (ಅಸ್ಸೀರಿಯದ) ಅರಸ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. ಅವನು ತನ್ನ ಕಡೆಯ ಕಥೆಯನ್ನು ಆರು ಮುಖದ ಮಣ್ಣಿನ ಕಂಬದ ಮೇಲೆ ಬರೆಸಿದ್ದಾನೆ. ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 46 ಕೋಟೆ ಊರುಗಳನ್ನು ಹಿಡಿದೆ, ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಎನ್ನುತ್ತಾನೆ. ಯೆರೂಸಲೇಮನ್ನು ಹಿಡಿದೆ ಅಂತ ಮಾತ್ರ ಎಲ್ಲೂ ಹೇಳುವುದಿಲ್ಲ. ಹಿಡಿದಿದ್ದರೆ ಇವನು ಬರೆಸದೆ ಬಿಡುವ ಆಸಾಮಿಯಲ್ಲ. ಬೈಬಲೂ ಅದನ್ನೇ ಹೇಳುತ್ತದೆ: ಕೋಟೆ ಊರುಗಳೆಲ್ಲ ಹೋದವು, ಯೆರೂಸಲೇಮು ಉಳಿಯಿತು.

ಕಪ್ಪದ ಲೆಕ್ಕ ನೋಡಿ. ಬೈಬಲಿನಲ್ಲಿ ಹಿಜ್ಕೀಯ ಕೊಟ್ಟದ್ದು 30 ತಲಾಂತು ಬಂಗಾರ, 300 ತಲಾಂತು ಬೆಳ್ಳಿ (ತಲಾಂತು ಆಗಿನ ಒಂದು ತೂಕ). ಸನ್ಹೇರೀಬನ ಲೆಕ್ಕದಲ್ಲಿ ಬಂಗಾರ ಅದೇ 30, ಬೆಳ್ಳಿ 800. ಬಂಗಾರ ತಾಳೆಯಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಕೊಟ್ಟವನು ಕಡಿಮೆ ಬರೆದನೋ, ತೆಗೆದುಕೊಂಡವನು ಏರಿಸಿದನೋ? ಎರಡೂ ಪ್ರತಿಗಳು ಒಬ್ಬರನ್ನು ನೋಡಿ ಇನ್ನೊಬ್ಬರು ನಕಲು ಮಾಡಿದ್ದಲ್ಲ ಎಂಬುದಂತೂ ಈ ವ್ಯತ್ಯಾಸದಿಂದಲೇ ಗೊತ್ತಾಗುತ್ತದೆ. ಪೂರ್ತಿ ತಾಳೆಯಾದ ಹೇಳಿಕೆಗಳನ್ನು ಕಂಡರೆ ನನಗೆ ಇಂದಿಗೂ ಅನುಮಾನ.

ಲಾಕೀಷ್ ಎಂಬ ಊರಿನದು ಇನ್ನೂ ಚೆನ್ನಾಗಿದೆ. ಸನ್ಹೇರೀಬ ಅಲ್ಲಿ ಬೀಡುಬಿಟ್ಟಿದ್ದ ಎಂದು ಬೈಬಲ್ ಹೇಳಿ ಮುಂದೆ ಹೋಗುತ್ತದೆ. ಮಣ್ಣಿನ ಕಂಬದಲ್ಲಿ ಲಾಕೀಷಿನ ಹೆಸರೇ ಇಲ್ಲ. ಆದರೆ ಅವನ ರಾಜಧಾನಿ ನಿನೆವೆಯ ಅರಮನೆಯಲ್ಲಿ ಒಂದು ಕೋಣೆಯ ಗೋಡೆಗಳ ತುಂಬ ಲಾಕೀಷ್ ಮುತ್ತಿಗೆಯದೇ ಕೆತ್ತನೆ. ಕೋಟೆ ಗೋಡೆಗೆ ಏರಲು ಹಾಕಿದ ಇಳಿಜಾರು ದಾರಿ, ಕೋಟೆ ಒಡೆಯುವ ಯಂತ್ರ, ಮೇಲಿಂದ ಪಂಜು ಎಸೆಯುವವರು, ಗಂಟುಮೂಟೆ ಹೊತ್ತು ಹೊರಟ ಸಂಸಾರಗಳು, ಸಿಂಹಾಸನದ ಮೇಲೆ ಕೂತ ಅರಸ. 19ನೇ ಶತಮಾನದಲ್ಲಿ ಲೇಯರ್ಡ್ ಇದನ್ನು ಹೊರತೆಗೆದರು. ಆಮೇಲೆ ಲಾಕೀಷ್ ಗುಡ್ಡವನ್ನೇ ಅಗೆದರು. 1930ರ ದಶಕದಲ್ಲಿ ಸ್ಟಾರ್ಕಿ ಅಗೆದರು, 1973ರಿಂದ ಡೇವಿಡ್ ಉಸ್ಸಿಷ್ಕಿನ್. ಕಲ್ಲು ಸುರಿದು ಮಾಡಿದ ಆ ಇಳಿಜಾರು ದಾರಿ ಗುಡ್ಡದ ನೈಋತ್ಯ ಮೂಲೆಯಲ್ಲಿ ಹಾಗೇ ಇತ್ತು. ಅದರ ಎದುರಿಗೆ ಒಳಗಿನವರು ಗಡಿಬಿಡಿಯಲ್ಲಿ ಎಬ್ಬಿಸಿದ ಮಣ್ಣಿನ ದಿಬ್ಬವೂ ಸಿಕ್ಕಿತು. ನೂರಾರು ಬಾಣದ ತುದಿಗಳು ಸಿಕ್ಕವು. ಸುಟ್ಟ ಪದರ ಸಿಕ್ಕಿತು.

ಯೆರೂಸಲೇಮಿನೊಳಗೆ ನೀರಿನ ಸುರಂಗ ಇದೆ. ಹಿಜ್ಕೀಯ ಕಾಲುವೆ ಮಾಡಿಸಿ ಪಟ್ಟಣಕ್ಕೆ ನೀರು ತಂದ ಎಂದು ಬೈಬಲ್ ಹೇಳುವುದು ಇದನ್ನೇ ಅಂತ ಬಹಳ ಮಂದಿ ಒಪ್ಪುತ್ತಾರೆ. 533 ಮೀಟರ್ ಉದ್ದ. ಎರಡು ತುದಿಗಳಿಂದ ಎರಡು ತಂಡ ಬಂಡೆ ಕೊರೆಯುತ್ತ ಬಂದು ನಡುವೆ ಸೇರಿವೆ. ಸುರಂಗ ನೇರ ಇಲ್ಲ, ಹಾವಿನ ಹಾಗೆ ಬಳುಕುತ್ತದೆ. ಥಿಯೋಡೊಲೈಟ್ ಎಂಬ ಕೋನ ಅಳೆಯುವ ಯಂತ್ರ ಇಲ್ಲದ ಕಾಲದಲ್ಲಿ ನೆಲದೊಳಗೆ ಇಷ್ಟು ಬಳಸಿ ಬಂದು ಹೇಗೆ ಸೇರಿದರು ಅಂತ ನಾನು ನಕ್ಷೆ ಮುಂದಿಟ್ಟುಕೊಂಡು ಬಹಳ ಹೊತ್ತು ಯೋಚನೆ ಮಾಡಿದ್ದೇನೆ. 1880ರಲ್ಲಿ ಅದರ ಗೋಡೆಯ ಮೇಲೆ ಹೀಬ್ರೂ ಶಾಸನ ಕಂಡಿತು. ಇನ್ನು ಮೂರು ಮೊಳ ಕೊರೆಯುವುದು ಉಳಿದಿದ್ದಾಗ ಆ ಕಡೆಯವರು ಕೂಗಿದ್ದು ಈ ಕಡೆಯವರಿಗೆ ಕೇಳಿಸಿತು, ಆಮೇಲೆ ಗುದ್ದಲಿಗೆ ಗುದ್ದಲಿ ಎದುರಾಯಿತು, 1,200 ಮೊಳ ನೀರು ಹರಿಯಿತು ಎಂದು ಅದು ಹೇಳುತ್ತದೆ. ಅರಸನ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಕೆಲಸಗಾರರ ಮಾತಷ್ಟೇ. ಸುರಂಗದ ಗಾರೆಯಲ್ಲಿ ಸಿಕ್ಕ ಗಿಡದ ತುಣುಕುಗಳನ್ನು ಪರೀಕ್ಷೆ ಮಾಡಿ 2003ರಲ್ಲಿ ವರದಿ ಬಂತು. ಕಾಲ ಸುಮಾರು ಕ್ರಿ.ಪೂ. 700ಕ್ಕೆ ಹೊಂದುತ್ತದೆ.

ಇಷ್ಟೆಲ್ಲ ಆದ ಮೇಲೂ, ಒಂದೇ ರಾತ್ರಿಯಲ್ಲಿ ದೇವದೂತ ಅಶ್ಶೂರದ ದಂಡಿನಲ್ಲಿ 1,85,000 ಜನರನ್ನು ಹೊಡೆದ ಎಂಬ ಮಾತಿಗೆ ಒಂದು ಚೂರೂ ಸಾಕ್ಷಿ ಇಲ್ಲ. ಮುತ್ತಿಗೆ ಯಾಕೆ ನಿಂತಿತು ಅನ್ನುವುದಕ್ಕೆ ಕಪ್ಪ ಕೊಟ್ಟದ್ದೇ ಕಾರಣ ಅಂತಲೂ ಇರಬಹುದು, ರೋಗ ಬಂತು ಅಂತಲೂ ಇರಬಹುದು. ಸನ್ಹೇರೀಬನನ್ನು ಅವನ ಮಕ್ಕಳೇ ಕೊಂದರು ಎಂದು ಬೈಬಲ್ ಹೇಳುವುದು ಮಾತ್ರ ಬಾಬಿಲೋನಿನ ದಾಖಲೆಗೆ ಹೊಂದುತ್ತದೆ. ಕೊಂದದ್ದು ಮಗನೇ. ಬೈಬಲ್ ಓದುವಾಗ ಊರಿಗೆ ಹೋದ ತಕ್ಷಣ ಕೊಲೆಯಾದ ಹಾಗೆ ಕಾಣುತ್ತದೆ, ಆದರೆ ಅದು ನಡೆದದ್ದು 20 ವರ್ಷ ಬಿಟ್ಟು, ಕ್ರಿ.ಪೂ. 681ರಲ್ಲಿ.

ಶಾಸನ ಅಂದ ಕೂಡಲೇ ನಿಜ ಎಂದೂ ಅಂದುಕೊಳ್ಳಬಾರದು. ಐಗುಪ್ತದ, ಅಂದರೆ ಈಜಿಪ್ಟಿನ, ಅರಸ ಮೆರ್ನೆಪ್ತಾನ ಕಲ್ಲನ್ನು ಪೆಟ್ರಿ ಅವರು 1896ರಲ್ಲಿ ಪತ್ತೆ ಮಾಡಿದರು. ಸುಮಾರು ಕ್ರಿ.ಪೂ. 1208ರದು. ಇಸ್ರಾಯೇಲ್ ಎಂಬ ಹೆಸರು ಎಲ್ಲರೂ ಒಪ್ಪುವ ಹಾಗೆ ಮೊದಲು ಕಾಣುವುದು ಅಲ್ಲಿ. ಊರಿನ ಗುರುತಲ್ಲ, ಒಂದು ಜನಾಂಗದ ಗುರುತು ಹಾಕಿ ಬರೆದಿದ್ದಾರೆ. ಏನೆಂದು? "ಇಸ್ರಾಯೇಲ್ ಹಾಳಾಯಿತು, ಅದರ ಬೀಜವೂ ಉಳಿಯಲಿಲ್ಲ" ಎಂದು. ಮುನ್ನೂರೈವತ್ತು ವರ್ಷದ ನಂತರ ನೆರೆಯ ಮೋವಾಬ್ ರಾಜ್ಯದ ಅರಸ ಮೇಷ ತನ್ನ ಕಲ್ಲಿನಲ್ಲಿ ಇಸ್ರಾಯೇಲ್ ಸದಾಕಾಲಕ್ಕೂ ನಾಶವಾಯಿತು ಎಂದು ಮತ್ತೆ ಬರೆಸಿದ. ಇಬ್ಬರೂ ಹೇಳಿದ್ದು ಸುಳ್ಳು. ಆದರೆ ಸುಳ್ಳು ಹೇಳುತ್ತಲೇ ಆ ಜನ ಅಲ್ಲಿದ್ದರು ಎಂಬುದಕ್ಕೆ ಸಾಕ್ಷಿ ಬಿಟ್ಟು ಹೋದರು. ಮೇಷ ಎಂಬವನು ಇಸ್ರಾಯೇಲಿಗೆ ಕುರಿಗಳನ್ನು ಕಪ್ಪವಾಗಿ ಕೊಡುತ್ತಿದ್ದು ಆಮೇಲೆ ತಿರುಗಿಬಿದ್ದ ಎಂದು ಬೈಬಲಿನಲ್ಲೂ ಇದೆ. ಗೆದ್ದವರು ಯಾರು ಅನ್ನುವಲ್ಲಿ ಇಬ್ಬರದೂ ಬೇರೆ ಬೇರೆ ಕಥೆ. ಇರಲಿ, ಅದು ನಮ್ಮ ಪ್ರಶಸ್ತಿ ಶಾಸನಗಳನ್ನು ಓದಿದವರಿಗೆ ಹೊಸದೇನಲ್ಲ.

ಬೈಬಲ್ ಬಿಟ್ಟದ್ದನ್ನು ಕಲ್ಲು ಹೇಳುವುದೂ ಉಂಟು. ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ಅಶ್ಶೂರದ ವಿರುದ್ಧ ಅರಸರೆಲ್ಲ ಕೂಡಿ ಹೋರಾಡಿದರು. ಅದರಲ್ಲಿ ಇಸ್ರಾಯೇಲಿನ ಅಹಾಬನದು 2,000 ರಥ, 10,000 ಕಾಲಾಳು ಅಂತ ಅಶ್ಶೂರದ ಶಾಸನ ಹೇಳುತ್ತದೆ. ಬೈಬಲಿನಲ್ಲಿ ಅಹಾಬನ ಪಾಪಗಳ ಪಟ್ಟಿ ಉದ್ದಕ್ಕಿದೆ, ಈ ಯುದ್ಧದ ಸುದ್ದಿಯೇ ಇಲ್ಲ. ಬರೆದವರಿಗೆ ಬೇಕಾದದ್ದು ದಂಡಿನ ಲೆಕ್ಕವಲ್ಲ, ಅರಸ ಯಾವ ದೇವರಿಗೆ ನಡೆದುಕೊಂಡ ಎಂಬುದು.

ಈಗ ಸಿಂಧನೂರಿನ ಮಿತ್ರರಿಗೆ ಕಹಿಯಾಗುವ ಭಾಗ. ಯೆರಿಕೋ. ಮೋಶೆಯ ನಂತರ ಇಸ್ರಾಯೇಲರನ್ನು ನಡೆಸಿದ ಯೆಹೋಶುವ ಮುತ್ತಿದಾಗ ಈ ಊರಿನ ಗೋಡೆಗಳು ಕೊಂಬಿನ ಶಬ್ದಕ್ಕೆ ಕುಸಿದವು ಎಂದು ಅವನ ಹೆಸರಿನ ಗ್ರಂಥದಲ್ಲಿದೆ. 1930ರ ದಶಕದಲ್ಲಿ ಗಾರ್‌ಸ್ಟಾಂಗ್ ಅಲ್ಲಿ ಅಗೆದು, ಕುಸಿದ ಗೋಡೆ ಸಿಕ್ಕಿತು, ಇದು ಅದೇ ಎಂದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಪದರ ಪದರವಾಗಿ ಬಿಡಿಸಿ ನೋಡಿದಾಗ ಆ ಗೋಡೆ ಯೆಹೋಶುವನ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು ಎಂದು ಗೊತ್ತಾಯಿತು. ಅದಾದ ಮೇಲೆ ಕಟ್ಟಿದ ಊರೂ ಕ್ರಿ.ಪೂ. 1550ರ ಸುಮಾರಿಗೆ ಸುಟ್ಟು ಹೋಗಿತ್ತು. ಅಲ್ಲಿ ಸಿಕ್ಕ ಕರಕಲು ಕಾಳುಗಳನ್ನು ಆಮೇಲೆ ಕಾರ್ಬನ್ ಪರೀಕ್ಷೆ ಮಾಡಿದಾಗಲೂ ಕ್ರಿ.ಪೂ. 16ನೇ ಶತಮಾನವೇ ಬಂತು. ಯೆಹೋಶುವನ ಕಾಲ ಎಂದು ಸಾಮಾನ್ಯವಾಗಿ ಹೇಳುವ 13ನೇ ಶತಮಾನದಲ್ಲಿ ಬೀಳುವುದಕ್ಕೆ ಗೋಡೆಯೇ ಇರಲಿಲ್ಲ. ಪಕ್ಕದ ಆಯಿ ಎಂಬ ಊರನ್ನೂ ಅವನು ಸುಟ್ಟ ಅಂತ ಇದೆ. ಆಯಿ ಎಂದು ಹೆಚ್ಚಿನವರು ಗುರುತಿಸುವ ದಿಬ್ಬ ಸುಮಾರು ಕ್ರಿ.ಪೂ. 2400ರಿಂದ 1200ರವರೆಗೆ ಖಾಲಿ ಬಿದ್ದಿತ್ತು. ಹಾಚೋರ್ ಎಂಬ ದೊಡ್ಡ ಪಟ್ಟಣ 13ನೇ ಶತಮಾನದಲ್ಲಿ ಭಾರಿ ಬೆಂಕಿಗೆ ಬಿದ್ದದ್ದು ಮಾತ್ರ ನಿಜ. ಯಾರು ಹಚ್ಚಿದರು ಅಂತ ಅಗೆದವರಲ್ಲೇ ಒಮ್ಮತವಿಲ್ಲ.

ಹಾಗಾದರೆ ಯೆರಿಕೋ ಕಥೆ ಎಲ್ಲಿಂದ ಬಂತು? ಇದಕ್ಕೆ ಬಳ್ಳಾರಿಯ ಮಿತ್ರರು ತಮ್ಮ ಜಿಲ್ಲೆಯ ಬೂದಿಗುಡ್ಡಗಳನ್ನು ನೋಡಿದರೆ ಸಾಕು. ಕುಡತಿನಿ ಹತ್ತಿರ ಇದೆ, ಸಂಗನಕಲ್ಲು ಕಡೆ ಇದೆ. ಹಂಪಿ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎಂದು ಜನ ಇಂದಿಗೂ ಹೇಳುತ್ತಾರೆ. ಬೇರೆ ಕಡೆ ರಾಕ್ಷಸರ ಬೂದಿ ಎನ್ನುತ್ತಾರೆ. ಬ್ರೂಸ್ ಫೂಟ್ ಅವರು 19ನೇ ಶತಮಾನದಲ್ಲೇ ಇದು ದನದ ಸಗಣಿ ಸುಟ್ಟ ಬೂದಿ ಎಂದಿದ್ದರು. ಆಲ್ಚಿನ್ ಅವರು 1950ರ ದಶಕದಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದಾಗ ದನದ ಗೊರಸಿನ ಗುರುತೇ ಸಿಕ್ಕಿತು. ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿ ಅದು. ದಿಬ್ಬ ನಿಜ, ಬೆಂಕಿಯೂ ನಿಜ. ಅದನ್ನು ನೋಡಿದ ಜನ ತಾವು ಬಲ್ಲ ದೊಡ್ಡ ಕಥೆಯೊಂದಕ್ಕೆ ಅದನ್ನು ಜೋಡಿಸಿದರು. ಯಾರೂ ಮೋಸ ಮಾಡಲಿಲ್ಲ. ಯೆರಿಕೋ, ಆಯಿಗಳ ಹಳೆ ಹಾಳುದಿಬ್ಬಗಳ ಪಕ್ಕದಲ್ಲಿ ಬದುಕಿದವರೂ ಹೀಗೇ ಮಾಡಿರಬಹುದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದು ಸರಿ ಕಾಣುತ್ತದೆ. ಆದ್ದರಿಂದ ಕಟ್ಟುಕಥೆ ಎಂಬ ಮಾತನ್ನು ಬಳ್ಳಾರಿಯವರು ಅಷ್ಟು ಸಸಾರವಾಗಿ ಬಳಸಬಾರದಿತ್ತು.

ಇಸ್ರಾಯೇಲರು ಮೋಶೆಯ ಹಿಂದೆ ಐಗುಪ್ತದಿಂದ ಹೊರಟು ಬಂದ ಕಥೆಯೂ ಸುಲಭವಿಲ್ಲ. ವಿಮೋಚನಕಾಂಡದ ಪ್ರಕಾರ ಹೊರಟ ಗಂಡಸರೇ ಆರು ಲಕ್ಷ. ಹೆಂಗಸರು ಮಕ್ಕಳು ಸೇರಿದರೆ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಅಷ್ಟು ಜನ 40 ವರ್ಷ ಮರುಭೂಮಿಯಲ್ಲಿದ್ದರೆ ಒಲೆ, ಮಡಕೆ, ಗೋರಿ ಏನಾದರೂ ಸಿಗಬೇಕು. ಆ ಸೀನಾಯಿ ಮರುಭೂಮಿಯಲ್ಲಿ ಅದಕ್ಕಿಂತ ಎಷ್ಟೋ ಹಳೆಯ ಕಾಲದ ಸಣ್ಣ ಸಣ್ಣ ಬಿಡಾರಗಳ ಗುರುತು ಸಿಕ್ಕಿವೆ, ಇದರದು ಸಿಕ್ಕಿಲ್ಲ. ಇಲ್ಲಿ ಸಾಕ್ಷಿ ಇಲ್ಲದ್ದೇ ಒಂದು ಸಾಕ್ಷಿ. ಆದರೆ ಅದೇ ನಿಯಮವನ್ನು ಇಸ್ರಾಯೇಲರ ಮೂಲಪುರುಷ ಅಬ್ರಹಾಮನಿಗೆ ಹಾಕಲಾಗದು. ಒಂದು ಸಂಸಾರ ಕುರಿ ಹೊಡೆದುಕೊಂಡು ಊರೂರು ಅಲೆದರೆ ಮಣ್ಣಿನಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿ ಏನೂ ಸಿಗದಿರುವುದರಿಂದ ಹೌದೂ ಆಗುವುದಿಲ್ಲ, ಇಲ್ಲವೂ ಆಗುವುದಿಲ್ಲ. ಐಗುಪ್ತದ ಕಥೆಯ ಹಿನ್ನೆಲೆ ಮಾತ್ರ ಗಾಳಿಯಲ್ಲಿ ಹುಟ್ಟಿದ್ದಲ್ಲ. ರಾಮ್ಸೇಸ್ ಎಂಬ ಪಟ್ಟಣ ಇತ್ತು. ಅದರ ಪಕ್ಕದ ಅವಾರಿಸ್‌ನಲ್ಲಿ ಕಾನಾನ್ (ಇಸ್ರಾಯೇಲರು ನೆಲೆಸಿದ ನಾಡಿನ ಹಳೆ ಹೆಸರು) ಕಡೆಯಿಂದ ಬಂದ ಜನ ನೂರಾರು ವರ್ಷ ಹಿಂದೆಯೇ ನೆಲೆಸಿದ್ದರು. 1966ರಿಂದ ಮಾನ್‌ಫ್ರೆಡ್ ಬಿಟಾಕ್ ತಂಡ ಅಗೆದು ತೋರಿಸಿದ್ದು ಇದನ್ನೇ. ಸಣ್ಣ ಗುಂಪೊಂದು ಹೊರಟು ಬಂದು, ಅವರ ನೆನಪೇ ಎಲ್ಲರ ನೆನಪಾಯಿತು ಎನ್ನುವವರಿದ್ದಾರೆ. ಆಗಿರಬಹುದು, ಸಾಬೀತಾಗಿಲ್ಲ.

ಈ ವಿಷಯದಲ್ಲಿ ಅಗೆತಕ್ಕಿಂತ ಜಾಸ್ತಿ ಬೆಳಕು ಚೆಲ್ಲಿದ್ದು ಕಾಲ್ನಡಿಗೆಯ ಸರ್ವೆ. 1967ರ ಯುದ್ಧದ ನಂತರ, ಮುಖ್ಯವಾಗಿ 70, 80ರ ದಶಕಗಳಲ್ಲಿ, ಕಾನಾನಿನ ನಡುಗುಡ್ಡಗಳಲ್ಲಿ ಸಂಶೋಧಕರು ಹೊಲ ಹೊಲ ನಡೆದು ಮಡಕೆ ಚೂರು ಆರಿಸಿದರು. ಕ್ರಿ.ಪೂ. 1200ರ ಆಚೀಚೆ, ಮುಂಚೆ ಜನವೇ ವಿರಳವಾಗಿದ್ದ ಆ ಗುಡ್ಡಗಳಲ್ಲಿ ಇನ್ನೂರಕ್ಕೂ ಜಾಸ್ತಿ ಸಣ್ಣ ಊರುಗಳು ಎದ್ದಿರುವುದು ಕಂಡಿತು. ಅರಮನೆ ಇಲ್ಲ, ಕೋಟೆ ಗೋಡೆ ಇಲ್ಲ. ಧಾನ್ಯ ತುಂಬುವ ದೊಡ್ಡ ಗುಡಾಣಗಳಿವೆ. ಹಂದಿ ಮೂಳೆ ಬಹುಮಟ್ಟಿಗೆ ಇಲ್ಲ. ಮಡಕೆಗಳು ಕೆಳಗಿನ ಬಯಲಿನ ಕಾನಾನ್ಯರ ಮಡಕೆಗಳ ಜಾತಿಯವೇ. ಹೊರಗಿನಿಂದ ಒಂದೇ ಸಲ ದಂಡೆತ್ತಿ ಬಂದವರ ಗುರುತು ಇದಲ್ಲ. ಇಸ್ರಾಯೇಲರಲ್ಲಿ ಬಹುಪಾಲು ಜನ ಅದೇ ನೆಲದವರು ಎಂಬ ಮಾತು ಬಲವಾದದ್ದು ಈ ಸರ್ವೆಯಿಂದ.

ಸಿಂಧನೂರಿನವರು ಮೃತ ಸಮುದ್ರದ ಸುರುಳಿಗಳು ಎಂಬ ಹಳೆ ಹಸ್ತಪ್ರತಿಗಳನ್ನೂ ಸಾಕ್ಷಿಗೆ ಕರೆದಿದ್ದಾರೆ. 1947ರಿಂದ ಕುಮ್ರಾನಿನ ಗವಿಗಳಲ್ಲಿ ಸಿಕ್ಕವು. ಅದರಲ್ಲಿ ಯೆಶಾಯನ ಸುರುಳಿ ಏಳು ಮೀಟರಿಗೂ ಉದ್ದ, ಕ್ರಿಸ್ತನಿಗಿಂತ ನೂರು ವರ್ಷಕ್ಕೂ ಹಳೆಯದು. ಅದಕ್ಕೂ ಸಾವಿರ ವರ್ಷದ ನಂತರದ ಹೀಬ್ರೂ ಪ್ರತಿಗಳಿಗೂ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಬಹಳ ಹೋಲಿಕೆ. ಬರೆದುಕೊಂಡವರ ನಿಷ್ಠೆಗೆ ಕೈ ಮುಗಿಯಬೇಕು. ಆದರೆ ನಕಲು ಸರಿಯಾಗಿದೆ ಅಂದರೆ ಮೂಲದಲ್ಲಿ ಬರೆದದ್ದು ನಡೆದಿದೆ ಅಂತ ಆಗುವುದಿಲ್ಲ. ದೃಢೀಕೃತ ನಕಲು ಹಿಡಿದು ಬಂದವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಕಾಗದದ ವಯಸ್ಸು ಪತ್ತೆ ಮಾಡುವುದಕ್ಕೆ ನಮ್ಮಲ್ಲೊಂದು ಸುಲಭ ದಾರಿ ಇದೆ. 1980ರ ತಾರೀಕಿನ ಪತ್ರದಲ್ಲಿ "ಕೊಪ್ಪಳ ಜಿಲ್ಲೆ" ಎಂದಿದ್ದರೆ ಅದನ್ನು ಬರೆದದ್ದು 1997ರ ನಂತರ. ಜಿಲ್ಲೆ ಆದದ್ದೇ ಆಗ. ಆದಿಕಾಂಡದಲ್ಲಿ ಅಬ್ರಹಾಮ ಹೊರಟು ಬಂದ "ಊರ್" ಎಂಬ ಪಟ್ಟಣವನ್ನು ಕಲ್ದೀಯರ ಊರ್ ಎಂದಿದೆ. ಕಲ್ದೀಯರು ದಾಖಲೆಗಳಲ್ಲಿ ಕಾಣುವುದು ಕ್ರಿ.ಪೂ. 9ನೇ ಶತಮಾನದಿಂದ. ಅವನ ಕಥೆಯಲ್ಲಿ ಒಂಟೆಗಳ ಸಾಲು ಬರುತ್ತದೆ. ಆ ನಾಡಿನ ಅರಾಬಾ ಕಣಿವೆಯ ತಾಮ್ರದ ಗಣಿಗಳಲ್ಲಿ ಸಿಕ್ಕ ಮೂಳೆಗಳ ಪ್ರಕಾರ ಸಾಕಿದ ಒಂಟೆ ಬಳಕೆಗೆ ಬಂದದ್ದು 10ನೇ ಶತಮಾನದ ಕೊನೆಗೆ. ಅಂದರೆ ಈಗ ನಮ್ಮ ಕೈಲಿರುವ ರೂಪದಲ್ಲಿ ಆ ಕಥೆಗಳನ್ನು ಬರೆದದ್ದು ಬಹಳ ಕಾಲದ ನಂತರ. ಹೊಲ ಇರಲೇ ಇಲ್ಲ ಅಂತ ಇದರಿಂದ ಆಗುವುದಿಲ್ಲ, ಕಾಗದ ಮಾತ್ರ ಅಷ್ಟು ಹಳೆಯದಲ್ಲ.

ಸಿಕ್ಕಿದ ಜಾಗವೂ ಮುಖ್ಯ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಉದ್ದನೆಯ ಶಾಸನದ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಯಾರೂ ಅದನ್ನು ಅನುಮಾನಿಸಬೇಕಿಲ್ಲ, ಇದ್ದಲ್ಲೇ ಇದೆ. ಅಂಗಡಿಯಲ್ಲಿ ಕೊಂಡ ವಸ್ತುವಿನ ಕಥೆ ಬೇರೆ. ಇಸ್ರೇಲ್ ಮ್ಯೂಸಿಯಂ 1988ರಲ್ಲಿ ಹೆಬ್ಬೆರಳು ಗಾತ್ರದ ಒಂದು ದಂತದ ದಾಳಿಂಬೆಯನ್ನು 5,50,000 ಡಾಲರ್ ಕೊಟ್ಟು ಕೊಂಡಿತು. ದಾವೀದನ ಮಗ ಸೊಲೊಮೋನ ಕಟ್ಟಿಸಿದ ದೇವಾಲಯದಿಂದ ಉಳಿದ ಒಂದೇ ವಸ್ತು ಎಂದು ಹೆಸರಾಯಿತು. 2004ರಲ್ಲಿ ತಜ್ಞರ ಸಮಿತಿ, ದಂತ ಹಳೆಯದೇ, ಅದರ ಮೇಲಿನ ಬರಹ ಈಚಿನದು ಎಂದಿತು. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂನಲ್ಲಿದ್ದ ಮೃತ ಸಮುದ್ರದ 16 ಚೂರುಗಳೂ ನಕಲಿ ಎಂದು 2020ರಲ್ಲಿ ತೀರ್ಮಾನವಾಯಿತು. ಭಕ್ತಿ ಇರುವ ಕಡೆ ಗಿರಾಕಿ ಇರುತ್ತಾನೆ, ಗಿರಾಕಿ ಇರುವ ಕಡೆ ಸರಕು ಬರುತ್ತದೆ.

ಸೊಲೊಮೋನನ ರಾಜ್ಯ ಎಷ್ಟು ದೊಡ್ಡದಿತ್ತು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಮೆಗಿದ್ದೋ ಎಂಬ ಊರಿನ ಕೋಟೆ ಬಾಗಿಲು ಕ್ರಿ.ಪೂ. 10ನೇ ಶತಮಾನದ್ದೋ 9ನೆಯದೋ ಅಂತ ಪುರಾತತ್ವಜ್ಞರಾದ ಯಾದೀನ್ ಪಕ್ಷ, ಫಿಂಕಲ್‌ಸ್ಟೈನ್ ಪಕ್ಷಗಳ ನಡುವೆ ದಶಕಗಳಿಂದ ನಡೆದಿದೆ. ಅವರೇ ಮುಗಿಸಲಿ.

ನನ್ನ ಮಟ್ಟಿಗೆ ಇದರಲ್ಲೆಲ್ಲ ಅತಿ ನಂಬಿಕಸ್ಥ ಸಾಕ್ಷಿ ಒಬ್ಬ ಗುಮಾಸ್ತ. ಬಾಬಿಲೋನಿನ ಅರಮನೆಯಲ್ಲಿ ಜರ್ಮನಿಯ ಕೋಲ್ಡೆವೈ ಅಗೆದಾಗ ಒಂದಷ್ಟು ಮಣ್ಣಿನ ಹಲಗೆಗಳು ಸಿಕ್ಕವು. 1939ರಲ್ಲಿ ಅವನ್ನು ಓದಿ ಪ್ರಕಟಿಸಿದರು. ಉಗ್ರಾಣದಿಂದ ಯಾರಿಗೆ ಎಷ್ಟು ಎಣ್ಣೆ ಕೊಟ್ಟೆವು ಎಂಬ ಪಡಿ ಲೆಕ್ಕ ಅಷ್ಟೇ. ಅದರಲ್ಲಿ ಯೆಹೂದದ ಅರಸ ಯೆಹೋಯಾಖೀನನ ಹೆಸರಿದೆ, ಅವನ ಐದು ಗಂಡುಮಕ್ಕಳ ಹೆಸರಿನಲ್ಲೂ ಎಣ್ಣೆ ಇದೆ. ಒಂದು ಹಲಗೆ ಕ್ರಿ.ಪೂ. 592ರದು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಈ ಅರಸನನ್ನು ಸೆರೆ ಒಯ್ದ ಎಂದು ಬೈಬಲ್ ಹೇಳುತ್ತದೆ. ಎಷ್ಟೋ ವರ್ಷದ ಮೇಲೆ ಸೆರೆಯಿಂದ ಬಿಡಿಸಿ ದಿನದಿನದ ಪಡಿ ಕೊಟ್ಟರು ಎಂದು ಎರಡನೆಯ ಅರಸುಗಳು ಗ್ರಂಥ ಮುಗಿಯುತ್ತದೆ. ಆ ಗುಮಾಸ್ತನಿಗೆ ಬೈಬಲ್ ಗೊತ್ತಿರಲಿಲ್ಲ, ಯಾರನ್ನೂ ಹೊಗಳಬೇಕಿರಲಿಲ್ಲ. ಸಂಜೆಗೆ ಲೆಕ್ಕ ಕೂಡಿದರೆ ಸಾಕಿತ್ತು.

ಕೊನೆಗೆ ನಿಮ್ಮಲ್ಲೊಂದು ವಿನಂತಿ. ಇಂಥ ಸುದ್ದಿ ಹಾಕುವಾಗ ವಸ್ತು ಎಲ್ಲಿ ಸಿಕ್ಕಿತು, ಅಗೆದು ತೆಗೆದರೋ ಕೊಂಡರೋ, ಅದರ ಮೇಲೆ ಏನು ಬರೆದಿದೆ, ಇಷ್ಟನ್ನು ಒಂದೆರಡು ಸಾಲಿನಲ್ಲಿ ಸೇರಿಸಿ. ನೋಹನ ನಾವೆ ಸಿಕ್ಕಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಪೂರ್ವ ಟರ್ಕಿಯ ದುರುಪಿನಾರ್ ಎಂಬಲ್ಲಿ ದೋಣಿ ಆಕಾರದ ನೆಲ ಒಂದಿದೆ, ಫೋಟೊ ಬಹಳ ಚೆನ್ನಾಗಿ ಬರುತ್ತದೆ. ಅದು ತಾನಾಗೇ ಆದ ಮಣ್ಣು ಬಂಡೆಯ ರಚನೆ ಅಂತ ಭೂವಿಜ್ಞಾನಿಗಳು ಯಾವತ್ತೋ ಹೇಳಿದ್ದಾರೆ. ಮುಂದಿನ ಸಲ ಆ ಫೋಟೊ ಬಂದರೆ ದಯವಿಟ್ಟು ಮುಖಪುಟಕ್ಕೆ ಹಾಕಬೇಡಿ.

ಇತಿ ತಮ್ಮ ಓದುಗ,
ನಿವೃತ್ತ ಭೂಮಾಪಕ
ಮಸ್ಕಿ, ರಾಯಚೂರು ಜಿಲ್ಲೆ